ಮೇಲಿನ ಲೇಔಟಿನ ಮಳೆನೀರು ನನ್ನ ಬೈಲಿಗೆ: ತಡೆಯಬಹುದೇ? ಕಣಿ ಆಳ ಮಾಡಬಹುದೇ?

ಬೈಲುಗದ್ದೆ
ಬ್ರಹ್ಮಾವರದಿಂದ ಪಡುವಣ ದಿಕ್ಕಿಗೆ, ಹೊಳೆಯಿಂದ ಸುಮಾರು ಅರ್ಧ ಕಿಲೋಮೀಟರ್ ಒಳಗೆ ನಮ್ಮ ಬೈಲು, ಅಂದರೆ ತಗ್ಗಿನ ಗದ್ದೆ, ಇದೆ. ಅಮ್ಮನ ಹೆಸರಿನಲ್ಲಿ 1 ಎಕ್ರೆ 40 ಸೆಂಟ್ಸ್ ಗದ್ದೆ, ಅದಕ್ಕೆ ತಾಗಿ 60 ಸೆಂಟ್ಸ್ ಅಡಿಕೆ ತೋಟ, ಅಂಗಳದ ಬದಿಯಲ್ಲಿ 22 ಅಡಿ ಆಳದ ಬಾವಿ. ಮೇಲ್ಗಡೆಯ ಮಜಲು (ನಡುಮಟ್ಟದ) ಗದ್ದೆಗಳು ಮೂರು ವರ್ಷದ ಹಿಂದೆ ಕನ್ವರ್ಷನ್ (ಭೂಪರಿವರ್ತನೆ) ಆಗಿ, ಕೆಂಪುಮಣ್ಣು ತುಂಬಿಸಿಕೊಂಡು, 14 ಸೈಟುಗಳ ಲೇಔಟ್ ಆದವು. ಹಿಂದೆ ಮಳೆನೀರು ಒಂದೊಂದೇ ಪುಣಿ (ಗದ್ದೆಯ ಬದು) ದಾಟಿಕೊಂಡು ನಿಧಾನವಾಗಿ ಇಳಿಯುತ್ತಿತ್ತು. ಈಗ ಲೇಔಟಿನ ರಸ್ತೆಯ ನೀರೆಲ್ಲ ಎರಡು ಅಡಿ ಅಗಲದ ಸಿಮೆಂಟ್ ಪೈಪಿನಲ್ಲಿ ಒಟ್ಟಾಗಿ ನನ್ನ ಮೂಡುಬದಿಯ ಪುಣಿಯ ಮೇಲೆ ಬಂದು ಬೀಳುತ್ತದೆ. ಈ ಆಟಿಯಲ್ಲಿ (ಜುಲೈ-ಆಗಸ್ಟಿನ ಮಳೆ ತಿಂಗಳು) ಪುಣಿ ಎರಡು ಸಲ ಒಡೆಯಿತು. ನೆಟ್ಟ ನೇಜಿ (ಭತ್ತದ ಸಸಿ) 11 ದಿನ ನೀರಿನಡಿಯಲ್ಲಿತ್ತು. ನೀರು ಇಳಿದಾಗ ಗದ್ದೆಯಲ್ಲಿ ಉಳಿದದ್ದು ಜಲ್ಲಿಪುಡಿ, ಪ್ಲಾಸ್ಟಿಕ್ ಬಾಟಲಿ ಮತ್ತು ಒಂದು ಮಗುವಿನ ಚಪ್ಪಲಿ.

ಇನ್ನೊಂದು ಸಂಗತಿಯೂ ಇದೆ. ಮಳೆಗಾಲದಲ್ಲಿ ನೀರು ಹೆಚ್ಚಾಗಿ ಸಾಯುವ ನಾವು ಕಳೆದ ಎರಡು ಬೇಸಿಗೆಗಳಲ್ಲಿ ಮಾರ್ಚ್ ಬಂದೊಡನೆ ಬಾವಿನೀರಿನ ಉಪ್ಪು ರುಚಿ ನೋಡುತ್ತಿದ್ದೇವೆ. ಅಡಿಕೆ ಸೋಗೆಯ ತುದಿ ಕಂದಾಗುತ್ತಿದೆ.

ನಾನು ಕೇಳುವುದು ಎರಡೇ ಪ್ರಶ್ನೆ. ಪೈಪಿನ ಬಾಯಿಗೆ ಮರಳಿನ ಚೀಲ ಪೇರಿಸಿ ನೀರನ್ನು ತಡೆಯುವ ಹಕ್ಕು ನನಗಿದೆಯೇ? ಅದು ಇಲ್ಲವಾದರೆ ತೋಟದ ಕಣಿಯನ್ನು (ನೀರು ಬಸಿಯುವ ಕಾಲುವೆ) ಜೆಸಿಬಿಯಿಂದ 6 ಅಡಿ ಆಳ ಮಾಡಿಸಿ ನೀರನ್ನು ನೇರ ಹೊಳೆಗೆ ಬಿಡಲು ಯಾರ ಅನುಮತಿಯಾದರೂ ಬೇಕೇ?

ಮೂಲ್ಕಿ ಮಜಲು
ಚೀಲ ಇಡಿ. ನಿಮ್ಮ ಜಾಗ, ನಿಮ್ಮ ಪುಣಿ. ಕೇಳಲು ಬಂದವರಿಗೆ ಆ ಚಪ್ಪಲಿಯನ್ನು ತೋರಿಸಿ.

ಕೋರ್ಟು ಕಟ್ಟೆ
ದಯವಿಟ್ಟು ಈಗಲೇ ಚೀಲ ಇಡಬೇಡಿ. ಇಟ್ಟ ಮರುದಿನವೇ ನೀವು ಫಿರ್ಯಾದಿ ಆಗುವ ಬದಲು ಪ್ರತಿವಾದಿ ಆಗಿಬಿಡುತ್ತೀರಿ.

ಈ ವಿಷಯದಲ್ಲಿ ನಮಗೆ ಇಂದಿಗೂ ಆಧಾರವಾಗಿರುವುದು 1882ರ ಭಾರತೀಯ ಅನುಭೋಗ ಹಕ್ಕುಗಳ ಕಾಯಿದೆ, ಅಂದರೆ ಎಲ್ಲರೂ ‘ಈಸ್‌ಮೆಂಟ್ ಆಕ್ಟ್’ ಎನ್ನುವ ಕಾನೂನು. ದಕ್ಷಿಣ ಕನ್ನಡ ಆಗ ಮದರಾಸು ಪ್ರಾಂತ್ಯದಲ್ಲಿದ್ದುದರಿಂದ ಈ ಕಾಯಿದೆ ನಮ್ಮಲ್ಲಿ ಮೊದಲ ದಿನದಿಂದಲೇ ಜಾರಿಯಲ್ಲಿದೆ. ಮುಂಬಯಿ ಪ್ರಾಂತ್ಯಕ್ಕೆ ಅದು ಹೋದದ್ದು 1891ರಲ್ಲಿ. ಅದರ 7ನೇ ಕಲಮಿನ ದೃಷ್ಟಾಂತಗಳಲ್ಲಿ ನಿಮ್ಮ ಪ್ರಶ್ನೆಗೆ ಬಹುತೇಕ ನೇರ ಉತ್ತರ ಸಿಗುತ್ತದೆ. ಮೇಲಿನ ಜಮೀನಿನಲ್ಲಿ ಸಹಜವಾಗಿ ಹುಟ್ಟಿದ ಅಥವಾ ಬಿದ್ದ ನೀರು ನಿರ್ದಿಷ್ಟ ಕಾಲುವೆಯಲ್ಲಿ ಹರಿಯದೆ ಇದ್ದಾಗ, ಅದು ಸಹಜವಾಗಿ ಕೆಳಕ್ಕೆ ಇಳಿಯುವುದನ್ನು ಪಕ್ಕದ ಕೆಳಜಮೀನಿನವನು ಬಿಟ್ಟುಕೊಡಬೇಕು. ಇದು ಜಮೀನಿನೊಂದಿಗೇ ಬರುವ ಸಹಜ ಹಕ್ಕಾದ್ದರಿಂದ 20 ವರ್ಷ ಅನುಭವಿಸಿ ಸಾಬೀತು ಮಾಡುವ ಅಗತ್ಯವೂ ಮೇಲಿನವನಿಗೆ ಇಲ್ಲ.

ಮೂಲ್ಕಿ ಮಜಲು
ಇದೆಂಥ ನ್ಯಾಯ? ಮೇಲಿನವನು ಸೈಟು ಮಾರಿ ದುಡ್ಡು ಎಣಿಸಬೇಕು, ಕೆಳಗಿನವನು ಅವನ ನೀರು ಕುಡಿಯಬೇಕು. 1882ರಲ್ಲಿ ಲೇಔಟ್ ಎಲ್ಲಿತ್ತು?

ಕೋರ್ಟು ಕಟ್ಟೆ
ನಾನು ಇನ್ನೂ ಅರ್ಧ ಹೇಳಿದ್ದೆ ಅಷ್ಟೆ. ಆ ದೃಷ್ಟಾಂತದಲ್ಲಿ ‘ಸಹಜವಾಗಿ’ ಎನ್ನುವ ಪದ ಎರಡು ಕಡೆ ಬರುತ್ತದೆ, ಮತ್ತು ನಿಮ್ಮ ಪ್ರಕರಣ ನಿಂತಿರುವುದು ಆ ಪದದ ಮೇಲೆಯೇ. ಮಜಲಿನ ಪುಣಿ ದಾಟಿ ಹರಡಿಕೊಂಡು ಬರುವ ನೀರು ಸಹಜ. ಎತ್ತರ ಏರಿಸಿ, ಕಾಂಕ್ರೀಟು ಹಾಸಿ, ಇಂಗಬೇಕಾದ ನೀರನ್ನೂ ಇಂಗಗೊಡದೆ, ಎಲ್ಲವನ್ನೂ ಒಂದು ಪೈಪಿಗೆ ಕೂಡಿಸಿ ಒಂದೇ ಜಾಗಕ್ಕೆ ಸುರಿಯುವುದು ಸಹಜವಲ್ಲ. ಕೆಳಜಮೀನಿನ ಮೇಲಿನ ಹೊರೆಯನ್ನು ಹಾಗೆ ಹೆಚ್ಚಿಸುವ ಹಕ್ಕು ಮೇಲಿನವನಿಗೆ ತಾನಾಗಿ ಬರುವುದಿಲ್ಲ. ಪೈಪಿಗೆ ಮೂರೇ ವರ್ಷವಾದ್ದರಿಂದ 15ನೇ ಕಲಮಿನ 20 ವರ್ಷದ ಅನುಭವದ ಹಕ್ಕನ್ನೂ ಅವರು ಹೇಳಿಕೊಳ್ಳಲಾರರು.

ಆದ್ದರಿಂದ ನೀರನ್ನೇ ಬೇಡವೆನ್ನುವಂತಿಲ್ಲ, ಪೈಪನ್ನು ಬೇಡವೆನ್ನಬಹುದು. ಆದರೆ ಅದನ್ನು ಚೀಲದ ಮೂಲಕ ಹೇಳಬಾರದು. 1963ರ ನಿರ್ದಿಷ್ಟ ಪರಿಹಾರ ಕಾಯಿದೆಯ 38 ಮತ್ತು 39ನೇ ಕಲಮುಗಳಡಿ ಸಿವಿಲ್ ಕೋರ್ಟಿನಲ್ಲಿ ನಿರ್ಬಂಧಕಾಜ್ಞೆ ಕೇಳಬೇಕು. ಪೈಪಿನ ಫೋಟೋ, ಒಡೆದ ಪುಣಿಯ ಫೋಟೋ, ದಿನಾಂಕ ಕಾಣುವ ಹಾಗೆ ಇಟ್ಟುಕೊಳ್ಳಿ.

ಹಳೇ ಸರ್ವೆಯರ್
ವಕೀಲರ ಮಾತು ಸರಿಯೇ, ಆದರೆ ಎಲ್ಲರೂ ಮೊದಲ ಕೆಲಸವನ್ನು ಬಿಟ್ಟು ಎರಡನೆಯದಕ್ಕೆ ಹಾರಿದ್ದೀರಿ. ನಾನು ಮೂವತ್ತು ವರ್ಷ ಸರಪಳಿ ಎಳೆದವನು, ನನ್ನ ಅನುಭವದಲ್ಲಿ ಮಜಲಿಗೂ ಬೈಲಿಗೂ ನಡುವೆ ತೋಡು (ಸಣ್ಣ ತೊರೆ) ಇಲ್ಲದ ಊರು ನಮ್ಮ ಜಿಲ್ಲೆಗಳಲ್ಲಿ ಅಪರೂಪ. ನಿಮ್ಮ ಸರ್ವೆ ನಂಬರು ಮತ್ತು ಲೇಔಟಿನ ಸರ್ವೆ ನಂಬರು ಎರಡರ ಎಫ್‌ಎಂಬಿ ನಕ್ಷೆಗಳ (ಸರ್ವೆ ಇಲಾಖೆಯ ಅಳತೆ ಪುಸ್ತಕದ ನಕ್ಷೆ) ದೃಢೀಕೃತ ಪ್ರತಿ ತೆಗೆಸಿ. ನಕ್ಷೆಯಲ್ಲಿ ತೋಡು ತೋರಿಸುವ ಜೋಡಿ ಗೆರೆ ಹೋಗುತ್ತಿದೆಯೇ ನೋಡಿ. ಅಳತೆ ಲಿಂಕಿನಲ್ಲಿರುತ್ತದೆ, 100 ಲಿಂಕಿಗೆ 66 ಅಡಿ, ಒಂದು ಲಿಂಕೆಂದರೆ ಹೆಚ್ಚುಕಡಿಮೆ ಒಂದು ಗೇಣು. ನಕ್ಷೆಯಲ್ಲಿ ತೋಡು ಪರಂಬೋಕು (ಸರಕಾರಿ ಜಾಗ) ಎಂದಿದ್ದರೆ ಅದು ನಿಮ್ಮದೂ ಅಲ್ಲ, ಲೇಔಟಿನವರದೂ ಅಲ್ಲ. 1964ರ ಕರ್ನಾಟಕ ಭೂಕಂದಾಯ ಕಾಯಿದೆಯ 67ನೇ ಕಲಮಿನ ಪ್ರಕಾರ ಹೊಳೆ, ಹಳ್ಳ, ತೋಡು ಸರಕಾರದ ಸ್ವತ್ತು. ಅದನ್ನು ಮುಚ್ಚಿ ಮಣ್ಣು ತುಂಬಿಸಿದ್ದರೆ ನಿಮ್ಮ ಜಗಳ ನೆರೆಯವರ ಜಗಳವಾಗಿ ಉಳಿಯುವುದಿಲ್ಲ, ಸರಕಾರಿ ಜಾಗದ ಒತ್ತುವರಿಯಾಗುತ್ತದೆ.

ಗುಡ್ಡೆ ತೋಟ
ನಮ್ಮಲ್ಲಿ ತೋಡು ಹೋಗುವುದು ನಮ್ಮ ಕುಮ್ಕಿಯಲ್ಲಿ. ಆಗ ಅದು ನಮ್ಮದೇ ಆಯಿತಲ್ಲವೇ?

ಹಳೇ ಸರ್ವೆಯರ್
ಆಗಲಿಲ್ಲ. ಕುಮ್ಕಿ ಎಂದರೆ ವರ್ಗ (ಖಾಸಗಿ ಪಟ್ಟಾ) ಜಾಗದ ಗಡಿಯಿಂದ 100 ಗಜದೊಳಗಿನ ಸರಕಾರಿ ಜಾಗದಲ್ಲಿ ಸೊಪ್ಪು, ಸೌದೆಯಂಥ ಸವಲತ್ತು ಮಾತ್ರ. ಒಡೆತನ ಸರಕಾರದ್ದೇ. ಕುಮ್ಕಿಯ ಚರ್ಚೆ ಇಲ್ಲಿ ಶುರುವಾದರೆ ಮಳೆಗಾಲವೇ ಮುಗಿಯುತ್ತದೆ, ಇಲ್ಲಿಗೇ ನಿಲ್ಲಿಸೋಣ.

ಶೇಡಿಮಣ್ಣು
ಎಲ್ಲರೂ ಮೊದಲ ಪ್ರಶ್ನೆಗೇ ಅಂಟಿಕೊಂಡಿದ್ದೀರಿ. ನನಗೆ ಗಾಬರಿ ಹುಟ್ಟಿಸಿದ್ದು ಎರಡನೆಯದು. 6 ಅಡಿಯ ಕಣಿ ತೆಗೆದು ಹೊಳೆಗೆ ಜೋಡಿಸಿದರೆ ಲೇಔಟಿನವರು ನಿಮಗೆ ಮಾಡಿದ್ದಕ್ಕಿಂತ ದೊಡ್ಡ ಅನ್ಯಾಯವನ್ನು ನಿಮ್ಮ ಬಾವಿಗೆ ನೀವೇ ಮಾಡಿಕೊಳ್ಳುತ್ತೀರಿ.

ನಮ್ಮ ಕಡೆಯ ನೆಲದ ಸ್ವಭಾವ ನೋಡಿ. ಮೇಲೆ ಮುರಕಲ್ಲು (ಕೆಂಪು ಜಂಬಿಟ್ಟಿಗೆ), ಅದರಡಿ ಶೇಡಿಮಣ್ಣು (ನೀರು ಇಳಿಯದ ಜೇಡಿ), ಅದರಡಿ ಗಟ್ಟಿ ಬಂಡೆ. ಮುರಕಲ್ಲಿನ ತೂತುಗಳಲ್ಲಿ ಮಳೆನೀರು ಬೇಗನೆ ಇಳಿಯುತ್ತದೆ, ಶೇಡಿಯ ಮೇಲೆ ನಿಲ್ಲುತ್ತದೆ, ಅಲ್ಲಿಂದ ಅಡ್ಡಕ್ಕೆ ಸಾಗಿ ತೋಡು, ಹೊಳೆ ಸೇರುತ್ತದೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿದರೂ ಶಿವರಾತ್ರಿಯ ಹೊತ್ತಿಗೆ ಬಾವಿಗಳ ತಳ ಕಾಣುವುದು ಇದರಿಂದಲೇ. ಮೇಲಿನ ಮಜಲು ಗದ್ದೆಗಳಲ್ಲಿ ನಾಲ್ಕು ತಿಂಗಳು ಗೇಣುದ್ದ ನಿಲ್ಲುತ್ತಿದ್ದ ನೀರು ನಿಮ್ಮ ಬಾವಿಯ ಠೇವಣಿಯಾಗಿತ್ತು. ಅದರ ಮೇಲೆ ಮಣ್ಣು ತುಂಬಿಸಿ ಕಾಂಕ್ರೀಟು ಹಾಕಿದಾಗ ಆಟಿಯ ನೀರು ಹೆಚ್ಚಾಯಿತು, ಮಾರ್ಚಿನ ನೀರು ಕಡಿಮೆಯಾಯಿತು. ಎರಡೂ ಒಂದೇ ನೀರಿನ ಲೆಕ್ಕ. ಕಾನೂನು ಮಾತ್ರ ಒಂದನ್ನು ಚರಂಡಿಯ ಕಡತದಲ್ಲೂ ಇನ್ನೊಂದನ್ನು ಬೋರ್‌ವೆಲ್ಲಿನ ಕಡತದಲ್ಲೂ ಇಟ್ಟಿದೆ.

ಇನ್ನು ಉಪ್ಪಿನ ವಿಷಯ. ಉಬ್ಬರದ ಉಪ್ಪುನೀರು ಬರುವ ಹೊಳೆಯ ಬದಿಯಲ್ಲಿ ನೆಲದಡಿಯ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಸಮುದ್ರಮಟ್ಟಕ್ಕಿಂತ ಮೇಲೆ 1 ಮೀಟರ್ ಸಿಹಿನೀರು ಇದ್ದರೆ ಕೆಳಗೆ ಸುಮಾರು 40 ಮೀಟರ್ ಸಿಹಿನೀರು ಇರುತ್ತದೆ ಎಂಬುದು ಪುಸ್ತಕದ ಸೂತ್ರ. ಅದನ್ನೇ ತಿರುಗಿಸಿ ಓದಿ: ಆಳದ ಕಣಿಯಿಂದ ನೀರಿನ ಮಟ್ಟ 2 ಅಡಿ ಇಳಿದು ಹಾಗೆಯೇ ನಿಂತರೆ ಉಪ್ಪು ಎಷ್ಟು ಮೇಲೇರಬಹುದು? ಸೂತ್ರದ ಪ್ರಕಾರ 80 ಅಡಿ. ನೆಲದಲ್ಲಿ ಇದು ಕರಾರುವಾಕ್ಕಾಗಿ ನಡೆಯುವುದಿಲ್ಲ, ಆದರೆ ದಿಕ್ಕು ಅದೇ.

ಕಲ್ಯಾಣಪುರ ಕೃಷಿಕ
ಶೇಡಿಮಣ್ಣಿನವರ ಲೆಕ್ಕ ಹೆದರಿಸುವಂತಿದೆ, ಒಪ್ಪುತ್ತೇನೆ. ಆದರೆ ನಮ್ಮ ಅಜ್ಜನ ಕಾಲದಲ್ಲಿಯೂ ಆಳದ ಕಣಿಗಳಿದ್ದವು, ಬಾವಿ ಉಪ್ಪಾಗಿರಲಿಲ್ಲ. ಪುಸ್ತಕಕ್ಕಿಂತ ಅಜ್ಜನಿಗೆ ಹೆಚ್ಚು ಗೊತ್ತಿತ್ತು ಎಂದು ನನ್ನ ಅನಿಸಿಕೆ.

ಶೇಡಿಮಣ್ಣು
ಅಜ್ಜನಿಗೆ ಗೊತ್ತಿತ್ತು ಎಂಬುದರಲ್ಲಿ ನನಗೂ ಸಂಶಯವಿಲ್ಲ. ಅವರ ಕಣಿ ಹೊಳೆ ಸೇರುವ ಬಾಯಲ್ಲಿ ಏನಿತ್ತು, ನೆನಪಿದೆಯೇ?

ಕಲ್ಯಾಣಪುರ ಕೃಷಿಕ
ನೆನಪಿದೆ. ಮರದ ಬಾಗಿಲು ಇತ್ತು, ಉಬ್ಬರಕ್ಕೆ ತಾನಾಗಿ ಮುಚ್ಚುತ್ತಿತ್ತು, ಇಳಿತಕ್ಕೆ ತೆರೆದುಕೊಳ್ಳುತ್ತಿತ್ತು. ಸುಗ್ಗಿ ಬೆಳೆಯ ಹೊತ್ತಿಗೆ ಎಂಟು ಮನೆಯವರು ಸೇರಿ ತೋಡಿಗೆ ಮಣ್ಣು, ಸೊಪ್ಪಿನ ಕಟ್ಟ (ತಾತ್ಕಾಲಿಕ ಒಡ್ಡು) ಹಾಕುತ್ತಿದ್ದರು. ಬಾಗಿಲು ಗೆದ್ದಲು ತಿಂದು ಹೋಯಿತು, ಎಂಟು ಮನೆಯಲ್ಲಿ ಈಗ ಗದ್ದೆ ಮಾಡುವವರು ಇಬ್ಬರು. ಸರಿ, ನನ್ನ ಆಕ್ಷೇಪವನ್ನು ಹಿಂದಕ್ಕೆ ಪಡೆದೆ.

ಬೈಲುಗದ್ದೆ
ಜೆಸಿಬಿಗೆ ಕೊಟ್ಟ ಮುಂಗಡವನ್ನು ವಾಪಸು ಕೇಳಬೇಕಾಯಿತು ಎಂದಾಯಿತು. ಹಾಗಾದರೆ ತೋಟದ ಬೇರು ಕೊಳೆಯದಂತೆ ಕಣಿ ಎಷ್ಟು ಆಳವಿರಬೇಕು?

ಗುಡ್ಡೆ ತೋಟ
ಅಡಿಕೆ ನೆಟ್ಟ ಗುಂಡಿಯ ತಳಕ್ಕಿಂತ ಅರ್ಧ ಅಡಿಯಿಂದ ಒಂದು ಅಡಿ ಕೆಳಗೆ ಇದ್ದರೆ ಸಾಕು. ಮಳೆ ಬಿಟ್ಟ ಮೇಲೆ ಕಣಿಯ ಕೊನೆಯಲ್ಲಿ ಹಲಗೆಯೋ ಮಣ್ಣೋ ಹಾಕಿ ನೀರು ನಿಲ್ಲಿಸಿಕೊಳ್ಳಿ. ಒಂದೇ ಕಣಿ ಮಳೆಗಾಲಕ್ಕೆ ಬಸಿಯುವುದಕ್ಕೂ ಆಮೇಲೆ ಇಂಗಿಸುವುದಕ್ಕೂ ಆಗುತ್ತದೆ.

ಮೂಲ್ಕಿ ಮಜಲು
ಉಪ್ಪಿನ ಆರೋಪವನ್ನು ಕಣಿಯ ಮೇಲೆ ಹೊರಿಸುವ ಮೊದಲು ಲೇಔಟಿನ ಬೋರ್‌ವೆಲ್‌ಗಳನ್ನು ಎಣಿಸಿ. 14 ಸೈಟಿಗೆ 14 ಬೋರ್ ಇದ್ದರೆ ನಿಮ್ಮ ಬಾವಿಗೆ ಸಿಹಿನೀರು ಬರುವುದಾದರೂ ಎಲ್ಲಿಂದ? ಅದಕ್ಕೂ ಈಸ್‌ಮೆಂಟ್ ಕಾಯಿದೆಯಲ್ಲಿ ದೃಷ್ಟಾಂತ ಇದೆಯೇ, ವಕೀಲರೇ?

ಕೋರ್ಟು ಕಟ್ಟೆ
ಇದೆ, ಆದರೆ ನಿಮಗೆ ಇಷ್ಟವಾಗದ ದೃಷ್ಟಾಂತ. ನಿರ್ದಿಷ್ಟ ಕಾಲುವೆಯಲ್ಲಿ ಹರಿಯದ ನೆಲದಡಿಯ ನೀರನ್ನು ತನ್ನ ಗಡಿಯೊಳಗೆ ಸಂಗ್ರಹಿಸಿ ಬಳಸುವ ಹಕ್ಕು ಪ್ರತಿಯೊಬ್ಬ ಭೂಮಾಲಿಕನಿಗೂ ಇದೆ ಎನ್ನುತ್ತದೆ ಅದೇ 7ನೇ ಕಲಮು. 17ನೇ ಕಲಮು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅಂಥ ನೀರಿನ ಮೇಲೆ ಎಷ್ಟು ವರ್ಷ ಅನುಭವಿಸಿದರೂ ಹಕ್ಕು ಹುಟ್ಟುವುದಿಲ್ಲ ಎನ್ನುತ್ತದೆ. ನೂರು ವರ್ಷದ ಬಾವಿಯನ್ನು ಪಕ್ಕದವನ ಬೋರು ಬತ್ತಿಸಿದರೆ ಆ ಕಾಯಿದೆಯಡಿ ನೀವು ಬರಿಗೈ.

ಈ ಕೊರತೆಯನ್ನು ತುಂಬಲು ರಾಜ್ಯ ಎರಡು ಕಾನೂನು ಮಾಡಿದೆ. ಕುಡಿಯುವ ನೀರಿನ ಮೂಲಗಳ ಸಂರಕ್ಷಣೆಗಾಗಿ ಮಾಡಿದ 1999ರ ಅಂತರ್ಜಲ ಕಾಯಿದೆಯ ಪ್ರಕಾರ ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿ ಇಲ್ಲದೆ ಬಾವಿ ತೋಡುವಂತಿಲ್ಲ. ಕೊಳವೆಬಾವಿಯೂ ಅದರಲ್ಲಿ ಸೇರಿತು. 2011ರ ಕರ್ನಾಟಕ ಅಂತರ್ಜಲ ಕಾಯಿದೆ ಪ್ರಾಧಿಕಾರವನ್ನು ರಚಿಸಿತು, ಅಧಿಸೂಚಿತ ಪ್ರದೇಶಗಳಲ್ಲಿ ಅನುಮತಿಯನ್ನು ಕಡ್ಡಾಯ ಮಾಡಿತು, ಬೋರು ಕೊರೆಯುವ ರಿಗ್ ಯಂತ್ರಗಳ ನೋಂದಣಿಯನ್ನೂ ತಂದಿತು. ನಿಮ್ಮ ಲೇಔಟಿನ 500 ಮೀಟರ್ ಒಳಗೆ ಪಂಚಾಯತಿನ ಕುಡಿಯುವ ನೀರಿನ ಬಾವಿ ಇದೆಯೇ ಎಂಬುದು ಮೊದಲು ನೋಡಬೇಕಾದ ಸಂಗತಿ.

ಪಂಚಾಯತ್ ಮಾಜಿ
ಕಾಗದದಲ್ಲಿ ಎಲ್ಲವೂ ಇದೆ. ರಿಗ್ ಲಾರಿ ರಾತ್ರಿ ಹನ್ನೊಂದಕ್ಕೆ ಬರುತ್ತದೆ, ಬೆಳಗ್ಗೆ ಐದಕ್ಕೆ ಹೋಗುತ್ತದೆ. 500 ಮೀಟರ್ ಅಳೆಯಲು ಆ ಹೊತ್ತಿನಲ್ಲಿ ಯಾರು ಟೇಪು ಹಿಡಿಯುತ್ತಾರೆ ಹೇಳಿ.

ನಗರದ ಫ್ಲ್ಯಾಟಿನವ
ನಾನು ಮಂಗಳೂರಿನಲ್ಲಿ ಇರುವವನು, ಗದ್ದೆಯ ವಿಷಯದಲ್ಲಿ ಅನುಭವ ಕಡಿಮೆ. ನನಗೆ ಸುಲಭವಾದ ಪರಿಹಾರವೊಂದು ತೋರುತ್ತದೆ. ಲೇಔಟಿನಲ್ಲಿ ನೀರು ಸಿಗದ ಬೋರ್‌ವೆಲ್ ಒಂದಾದರೂ ಇರಬಹುದು. ಪೈಪಿನ ನೀರನ್ನು ನೇರವಾಗಿ ಅದಕ್ಕೆ ಇಳಿಸಿದರೆ ನೆರೆಯೂ ತಪ್ಪಿತು, ಅಂತರ್ಜಲವೂ ತುಂಬಿತಲ್ಲವೇ?

ಶೇಡಿಮಣ್ಣು
ಉದ್ದೇಶ ಒಳ್ಳೆಯದು, ಆದರೆ ಅದು ಮಾಡಬಾರದ ಕೆಲಸ. ಮಾಡಿನ (ಛಾವಣಿಯ) ನೀರನ್ನು ಸೋಸಿ ಬಾವಿಗೆ ಬಿಡುವುದು ಬೇರೆ, ರಸ್ತೆಯ ನೀರನ್ನು ಬೋರಿಗೆ ಇಳಿಸುವುದು ಬೇರೆ. ರಸ್ತೆಯ ನೀರಿನಲ್ಲಿ ವಾಹನದ ಎಣ್ಣೆ ಇರುತ್ತದೆ, ತುಂಬಿ ಹರಿದ ಶೌಚದ ಗುಂಡಿಯ ನೀರೂ ಸೇರಿರುತ್ತದೆ. ಮಣ್ಣಿನ ಮೂಲಕ ಇಳಿಯುವಾಗ ಅದು ಸ್ವಲ್ಪವಾದರೂ ಶುದ್ಧವಾಗುತ್ತದೆ; ಬೋರಿನ ಮೂಲಕ ಇಳಿದರೆ ಬಂಡೆಯ ಸೀಳುಗಳಲ್ಲಿ ಯಾವ ಸೋಸುವಿಕೆಯೂ ಇಲ್ಲದೆ ಹತ್ತಾರು ಮನೆಯ ನೀರಿಗೆ ಹೋಗುತ್ತದೆ. ಗದ್ದೆಯ ಯೂರಿಯಾ ನೀರಿಗೂ ಇದೇ ಮಾತು: ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು ಎಂಬ ಭಾರತೀಯ ಮಾನಕಕ್ಕೆ ರಿಯಾಯಿತಿಯೇ ಇಲ್ಲ.

ಕೋರ್ಟು ಕಟ್ಟೆ
ಕಾನೂನಿನ ದೃಷ್ಟಿಯಿಂದಲೂ ಅಪಾಯವಿದೆ. 1974ರ ಜಲಮಾಲಿನ್ಯ ನಿಯಂತ್ರಣ ಕಾಯಿದೆಯ 24ನೇ ಕಲಮು ಹೊಳೆಗೆ ಮಾತ್ರವಲ್ಲ, ಬಾವಿಗೂ ಮಲಿನ ವಸ್ತು ಬಿಡುವುದನ್ನು ನಿಷೇಧಿಸುತ್ತದೆ. ಬಾಯಿ ತೆರೆದ ಬೋರಿನ ಬಗ್ಗೆ ಸುಪ್ರೀಂ ಕೋರ್ಟ್ 2010ರಲ್ಲಿ ಕೊಟ್ಟ ನಿರ್ದೇಶನವೂ ಇದೆ. ಕೈಬಿಟ್ಟ ಬೋರನ್ನು ತಳದಿಂದ ನೆಲಮಟ್ಟದವರೆಗೆ ಮಣ್ಣು, ಮರಳು, ಕಲ್ಲುಗಳಿಂದ ತುಂಬಿಸಿ ಮುಚ್ಚಬೇಕು.

ಮಂಜೇಶ್ವರದ ಅಳಿಯ
ಗಡಿಯ ಆಚೆ ಕೇರಳದಲ್ಲಿ 2008ರಿಂದ ಭತ್ತದ ಗದ್ದೆ ಮತ್ತು ತೇವಭೂಮಿ ಸಂರಕ್ಷಣೆಗೆ ಪ್ರತ್ಯೇಕ ಕಾಯಿದೆಯೇ ಇದೆ. ಅಲ್ಲಿಯೂ ಗದ್ದೆ ತುಂಬಿಸುವವರು ತುಂಬಿಸುತ್ತಾರೆ, ಆದರೆ ಕದ್ದು ತುಂಬಿಸಬೇಕು. ನಮ್ಮಲ್ಲಿ ಫೀಸು ಕಟ್ಟಿ ತುಂಬಿಸುತ್ತಾರೆ.

ಹಳೇ ಸರ್ವೆಯರ್
ಚೆನ್ನಾಗಿ ಹೇಳಿದಿರಿ. ಆದರೂ ನಮ್ಮ ಭೂಕಂದಾಯ ಕಾಯಿದೆಯ 95ನೇ ಕಲಮಿನಲ್ಲಿ ಸಾರ್ವಜನಿಕ ಉಪದ್ರವ ಆಗುವಂತಿದ್ದರೆ ಭೂಪರಿವರ್ತನೆಯನ್ನು ನಿರಾಕರಿಸುವ ಅಧಿಕಾರ ಜಿಲ್ಲಾಧಿಕಾರಿಗೆ ಇದೆ. ಆ ಮಾತನ್ನು ಎತ್ತಬೇಕಾದದ್ದು ಅರ್ಜಿ ವಿಚಾರಣೆಯಲ್ಲಿರುವಾಗ. ಕೆಂಪುಮಣ್ಣಿನ ಟಿಪ್ಪರು ಬಂದ ಮೇಲೆ ಅಲ್ಲ.

ಪಂಚಾಯತ್ ಮಾಜಿ
ಬೈಲುಗದ್ದೆಯವರೇ, ಕೆಲಸಕ್ಕೆ ಬರುವ ದಾರಿ ಹೇಳುತ್ತೇನೆ. ತೋಡು ನಕ್ಷೆಯಲ್ಲಿ ಇದ್ದು ಅದನ್ನು ಮುಚ್ಚಿದ್ದರೆ ತಹಶೀಲ್ದಾರರಿಗೆ ಒತ್ತುವರಿ ತೆರವಿನ ಅರ್ಜಿ ಕೊಡಿ, ಪಂಚಾಯತಿಗೆ ಅದರ ಪ್ರತಿ ಕೊಟ್ಟು ಸ್ವೀಕೃತಿ ಪಡೆಯಿರಿ. ಬಾಯಿಮಾತಿನ ದೂರಿಗೆ ನಾವು ಬಾಯಿಮಾತಿನ ಉತ್ತರವನ್ನೇ ಕೊಡುತ್ತಿದ್ದೆವು, ಸತ್ಯ ಒಪ್ಪಿಕೊಳ್ಳುತ್ತೇನೆ.

ಕೋರ್ಟು ಕಟ್ಟೆ
ಅದಕ್ಕೆ ಎರಡು ಮಾತು ಸೇರಿಸುತ್ತೇನೆ. ಸಾರ್ವಜನಿಕರು ಬಳಸುವ ತೋಡಿಗೆ ತಡೆ ಆಗಿದ್ದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮಿನಡಿ, ಅಂದರೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 133ರಡಿ, ಕಾರ್ಯನಿರ್ವಾಹಕ ದಂಡಾಧಿಕಾರಿಯಿಂದ ತೆರವಿನ ಆದೇಶ ಕೇಳಬಹುದು. ಉಡುಪಿ ಜಿಲ್ಲೆಗೆ ಅದು ಕುಂದಾಪುರದ ಉಪವಿಭಾಗಾಧಿಕಾರಿ. ನೀರಿನ ಹಕ್ಕಿನ ಜಗಳ ಕೈಕೈ ಮಿಲಾಯಿಸುವ ಹಂತಕ್ಕೆ ಹೋದರೆ 166ನೇ ಕಲಮು ಇದೆ, ಆದರೆ ಅಲ್ಲಿ ಅವಧಿಯ ಲೆಕ್ಕ ಮುಖ್ಯ. ವರ್ಷವಿಡೀ ಇರುವ ಹಕ್ಕಾದರೆ ಹಿಂದಿನ ಮೂರು ತಿಂಗಳೊಳಗೆ, ಋತುವಿಗೆ ಸೀಮಿತವಾದ ಹಕ್ಕಾದರೆ ಕೊನೆಯ ಋತುವಿನಲ್ಲಿ ಅದನ್ನು ಬಳಸಿರಬೇಕು. ಒಂದು ಮಳೆಗಾಲ ಸುಮ್ಮನೆ ಬಿಟ್ಟರೆ ಆ ದಾರಿ ಕಠಿಣವಾಗುತ್ತದೆ.

ಇನ್ನು, ಪಹಣಿ ಅಮ್ಮನ ಹೆಸರಿನಲ್ಲಿದೆ ಎಂದಿರಿ. ಕಾನೂನು ಸೇವಾ ಪ್ರಾಧಿಕಾರ ಕಾಯಿದೆಯ 12ನೇ ಕಲಮಿನ ಪ್ರಕಾರ ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರ ನೆರವು ಸಿಗುತ್ತದೆ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅಮ್ಮನನ್ನೇ ಕರೆದುಕೊಂಡು ಹೋಗಿ. ನನ್ನ ಹೊಟ್ಟೆಯ ಮೇಲೆ ನಾನೇ ಕಲ್ಲು ಹಾಕಿಕೊಳ್ಳುತ್ತಿದ್ದೇನೆ, ಇರಲಿ.

ಬೈಲುಗದ್ದೆ
ಐದು ವಾರದ ನಂತರ ಬರೆಯುತ್ತಿದ್ದೇನೆ, ತಡವಾದುದಕ್ಕೆ ಕ್ಷಮಿಸಿ. ಸರ್ವೆಯರ್ ಸಾರ್, ನೀವು ಹೇಳಿದ ಜೋಡಿ ಗೆರೆ ಸಿಕ್ಕಿತು. ಎಫ್‌ಎಂಬಿಯಲ್ಲಿ 12 ಲಿಂಕ್ ಅಗಲದ ತೋಡು ಲೇಔಟಿನ ತೆಂಕು ಗಡಿಯಲ್ಲಿ ಸಾಗಿ, ನನ್ನ ಗದ್ದೆಯನ್ನು ಮುಟ್ಟದೆ, ಪಡುವಣಕ್ಕೆ ತಿರುಗಿ ಹೊಳೆ ಸೇರುತ್ತದೆ. ಅದರ ಕೊನೆಯ ನೂರು ಮೀಟರ್ ಇಂದಿಗೂ ಕೇದಗೆಯ ಪೊದೆಯ ನಡುವೆ ಜೀವಂತವಾಗಿದೆ. ಮೇಲಿನ ಭಾಗದ ಮೇಲೆ ಕಾಂಪೌಂಡ್ ಗೋಡೆ ನಿಂತಿದೆ. ಅಮ್ಮನಿಗೆ ನಕ್ಷೆ ತೋರಿಸಿದಾಗ, “ಅಲ್ಲಿ ತೋಡು ಇತ್ತೆಂದು ನಾನು ಹೇಳಿದರೆ ನೀನು ಕೇಳಲಿಲ್ಲ, ಕಾಗದ ಹೇಳಿದರೆ ಕೇಳುತ್ತೀಯಾ” ಎಂದರು.

ಅರ್ಜಿ ಕೊಟ್ಟಾಗಿದೆ, ಅಳತೆಗೆ ದಿನಾಂಕ ಬಂದಿದೆ. ಲೇಔಟಿನ ಮೂರು ಮನೆಯವರು ತಾವಾಗಿ ಮಾತನಾಡಲು ಬಂದರು. ಅವರಿಗೂ ಟ್ಯಾಂಕರು ನೀರು ತರಿಸಿ ಸಾಕಾಗಿದೆ. ಮಾಡಿನ ನೀರನ್ನು ಇಂಗುಗುಂಡಿಗೆ ಬಿಡಲು ಒಪ್ಪಿದ್ದಾರೆ. ಉಳಿದ ಹನ್ನೊಂದು ಸೈಟಿನ ಮಾಲಿಕರು ಯಾರೆಂಬುದು ಇನ್ನೂ ಗೊತ್ತಾಗಿಲ್ಲ.

ಮೂಲ್ಕಿ ಮಜಲು
ಗೋಡೆ ಕೆಡವುವ ದಿನ ತಿಳಿಸಿ, ಬಂದು ನೋಡುತ್ತೇನೆ.

ಕಲ್ಯಾಣಪುರ ಕೃಷಿಕ
ತೋಡು ತೆರೆದರೆ ಉಬ್ಬರದ ಉಪ್ಪೂ ಅದೇ ದಾರಿಯಲ್ಲಿ ಮೇಲೆ ಬರುತ್ತದೆ, ಮರೆಯಬೇಡಿ. ಬಾಯಲ್ಲಿ ಕಿಂಡಿ ಅಣೆಕಟ್ಟು (ಹಲಗೆ ಹಾಕಿ ತೆಗೆಯುವ ಸಣ್ಣ ಅಣೆ) ಬೇಕೆಂದು ಈಗಲೇ ಸಣ್ಣ ನೀರಾವರಿ ಇಲಾಖೆಗೆ ಬರೆಯಿರಿ. ನಮ್ಮೂರಿನ ಕಿಂಡಿಗೆ ಕಳೆದ ವರ್ಷ ಹಲಗೆ ಹಾಕಿದ್ದು ಜನವರಿಯಲ್ಲಿ, ಅಷ್ಟರಲ್ಲಿ ಸಿಹಿನೀರೆಲ್ಲ ಹೊಳೆಗೆ ಹೋಗಿ ಉಪ್ಪು ಒಳಗೆ ಬಂದಾಗಿತ್ತು. ಮಳೆ ಬಿಟ್ಟು ಹರಿವು ಸಣ್ಣದಾದೊಡನೆ, ನವೆಂಬರ್ ಕೊನೆಯೊಳಗೆ, ಹಲಗೆ ಇಳಿಯಬೇಕು.

ಶೇಡಿಮಣ್ಣು
ಅಲ್ಲಿಯವರೆಗೆ ಒಂದು ಕೆಲಸ ಮಾಡಿ. ಟಿಡಿಎಸ್ ಮೀಟರ್ (ನೀರಿನಲ್ಲಿ ಕರಗಿದ ಲವಣ ಅಳೆಯುವ ಸಾಧನ) ಒಂದನ್ನು ತರಿಸಿ ಅಮಾವಾಸ್ಯೆ, ಹುಣ್ಣಿಮೆಯ ಉಬ್ಬರದ ಹೊತ್ತಿಗೆ ಬಾವಿನೀರು ಅಳೆದು, ನೀರಿನ ಮಟ್ಟದೊಂದಿಗೆ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಕುಡಿಯಲು ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ಮೂಲವಿಲ್ಲದಿದ್ದರೆ 2,000 ಕೊನೆಯ ಮಿತಿ. “ಉಪ್ಪಾಗಿದೆ” ಎಂದು ಹೇಳಿದರೆ ಯಾವ ಅಧಿಕಾರಿಯೂ ಬರೆದುಕೊಳ್ಳುವುದಿಲ್ಲ, ಅಂಕಿ ಕೊಟ್ಟರೆ ಬರೆದುಕೊಳ್ಳುತ್ತಾರೆ.

ಬೈಲುಗದ್ದೆ
ಮೀಟರ್ ನಿನ್ನೆ ಬಂತು. ಬಾವಿಯಲ್ಲಿ ನೀರು ಕಟ್ಟೆಯಿಂದ 5 ಅಡಿ ಕೆಳಗೆ, ಅಂಕಿ 180. ಅಮ್ಮ ಕ್ಯಾಲೆಂಡರಿನ ಅಮಾವಾಸ್ಯೆಯ ಚೌಕದಲ್ಲಿ ಹಾಲಿನ ಲೆಕ್ಕದ ಕೆಳಗೆ ಬರೆದಿದ್ದಾರೆ.